ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರ ವೈಯಕ್ತಿಕ ಮಾಹಿತಿ: ಹಕ್ಕು, ಎಚ್ಚರಿಕೆ ಮತ್ತು ಪರಿಹಾರ

ಪೀಠಿಕೆ

ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಸಾರ್ವಜನಿಕರು ವರ್ಷವಿಡೀ ನಾನಾ ಸೇವೆಗಳಿಗಾಗಿ ಸರ್ಕಾರಿ ಕಚೇರಿಗಳನ್ನು ಸಂಪರ್ಕಿಸುತ್ತಾರೆ. ಜಾವಗಲ್ ಅಥವಾ ಹಳೇಬೀಡು ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೋರುವ ವಿದ್ಯಾರ್ಥಿ, ಬೇಲೂರಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ನೋಂದಾಯಿಸುವ ಕಾಫಿ ಬೆಳೆಗಾರ, ಅರಸೀಕೆರೆಯ ಕೊಬ್ಬರಿ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವ ರೈತ, ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕುವ ಹಿರಿಯ ನಾಗರಿಕ, ಇವರೆಲ್ಲರೂ ಅರ್ಜಿಯ ಜೊತೆಗೆ ತಮ್ಮ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ, ಭಾವಚಿತ್ರ ಮತ್ತು ಅನೇಕ ವೇಳೆ ಬೆರಳಚ್ಚನ್ನೂ ನೀಡುತ್ತಾರೆ.

ಅರ್ಜಿ ವಿಲೇವಾರಿಯಾಗಿ ಪ್ರಮಾಣಪತ್ರ ಕೈಸೇರಿದ ಮೇಲೆ ಅರ್ಜಿದಾರರ ಪಾಲಿಗೆ ಆ ಕೆಲಸ ಮುಗಿಯುತ್ತದೆ. ಆದರೆ ಕೊಟ್ಟ ಮಾಹಿತಿ ಅಲ್ಲಿಗೆ ಮುಗಿಯುವುದಿಲ್ಲ. ಅದು ಗಣಕಯಂತ್ರದಲ್ಲಿ, ಜೆರಾಕ್ಸ್ ಅಂಗಡಿಯ ಕಡತದಲ್ಲಿ, ಮೊಬೈಲಿನ ಆ್ಯಪ್‌ನಲ್ಲಿ ಉಳಿಯುತ್ತದೆ. ಹಾಗೆ ಉಳಿದ ಮಾಹಿತಿಯನ್ನು ಯಾರು ನೋಡಬಹುದು, ಯಾವ ಕಾರ್ಯಕ್ಕೆ ಬಳಸಬಹುದು, ದುರ್ಬಳಕೆಯಾದಲ್ಲಿ ಯಾರನ್ನು ಕೇಳಬೇಕು ಎಂಬ ವಿಷಯಗಳನ್ನು ನಾಗರಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಮೂಲ ತತ್ತ್ವ

ಸರ್ಕಾರಿ ಲೆಕ್ಕಪತ್ರದಲ್ಲಿ ಒಂದು ಸರಳ ನಿಯಮವಿದೆ. ಒಂದು ಲೆಕ್ಕಶೀರ್ಷಿಕೆಯ ಅಡಿ ಮಂಜೂರಾದ ಹಣವನ್ನು ಸಕ್ಷಮ ಪ್ರಾಧಿಕಾರದ ಆದೇಶವಿಲ್ಲದೆ ಮತ್ತೊಂದು ಶೀರ್ಷಿಕೆಗೆ ಖರ್ಚು ಹಾಕುವಂತಿಲ್ಲ. ರಸ್ತೆಗೆ ಬಂದ ಹಣ ರಸ್ತೆಗೇ ವೆಚ್ಚವಾಗಬೇಕು. ವೆಚ್ಚವಾದದ್ದಕ್ಕೆ ಲೆಕ್ಕವಿರಬೇಕು. ಲೆಕ್ಕ ಪರಿಶೋಧನೆಗೆ ಅದು ಸಿಗಬೇಕು.

ವೈಯಕ್ತಿಕ ಮಾಹಿತಿಗೂ ಇದೇ ನಿಯಮ ಅನ್ವಯವಾಗತಕ್ಕದ್ದು. ವಿದ್ಯಾರ್ಥಿವೇತನಕ್ಕೆ ಕೊಟ್ಟ ಬ್ಯಾಂಕ್ ಖಾತೆಯ ವಿವರ ವಿದ್ಯಾರ್ಥಿವೇತನ ಪಾವತಿಗೆ ಮಾತ್ರ. ಕ್ರಯಪತ್ರಕ್ಕೆ ಒತ್ತಿದ ಹೆಬ್ಬೆಟ್ಟಿನ ಗುರುತು ಆ ಕ್ರಯವನ್ನು ದೃಢೀಕರಿಸಲು ಮಾತ್ರ. ಮಾಹಿತಿಯನ್ನು ಪಡೆದ ಉದ್ದೇಶಕ್ಕಷ್ಟೇ ಬಳಸುವುದು, ಅಗತ್ಯವಿರುವಷ್ಟನ್ನೇ ಪಡೆಯುವುದು, ಅಗತ್ಯ ತೀರಿದ ಮೇಲೆ ಕಾನೂನು ಬೇಡದ ಮಾಹಿತಿಯನ್ನು ಉಳಿಸಿಕೊಳ್ಳದಿರುವುದು, ಈ ಮೂರು ಅಂಶಗಳು ಮಾಹಿತಿ ಸಂರಕ್ಷಣೆಯ ಆಧಾರ. ಸರ್ಕಾರಿ ಕಚೇರಿಯಾಗಲಿ ಖಾಸಗಿ ಕಂಪನಿಯಾಗಲಿ ಈ ಮಿತಿಯನ್ನು ದಾಟಿದಾಗಲೇ ತೊಂದರೆ ಆರಂಭವಾಗುತ್ತದೆ.

2. ಸಾರ್ವಜನಿಕ ದಾಖಲೆ ಬೇರೆ, ವೈಯಕ್ತಿಕ ಮಾಹಿತಿ ಬೇರೆ

ಎಲ್ಲ ದಾಖಲೆಗಳನ್ನೂ ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ಕೆಲವು ದಾಖಲೆಗಳು ಎಲ್ಲರಿಗೂ ಕಾಣುವಂತಿರುವುದೇ ನ್ಯಾಯ. ಬೇಲೂರಿನ ಚೆನ್ನಕೇಶವ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡಿತು. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ದಾನ ಕೊಟ್ಟವರ ಹೆಸರು, ದಾನದ ಭೂಮಿ ಮತ್ತು ಅದರ ಎಲ್ಲೆಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಜನರೆದುರು ನಿಲ್ಲಿಸಲಾಗುತ್ತಿತ್ತು. ಮುಂದೆ ಯಾರೂ ಆ ಭೂಮಿಯನ್ನು ಕಬಳಿಸಬಾರದೆಂಬುದು ಅದರ ಉದ್ದೇಶ. ಹಾಸನ ಜಿಲ್ಲೆಯ ಈ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟವಾಗಿ ಪ್ರಕಟಿಸಿದರು.

ಇಂದಿನ ಪಹಣಿಯೂ ಅದೇ ಬಗೆಯ ಬಹಿರಂಗ ದಾಖಲೆ. ಕಂದಾಯ ಇಲಾಖೆಯ ಭೂಮಿ ಯೋಜನೆಯಡಿ 2000ದ ಸುಮಾರಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಸರ್ವೆ ಸಂಖ್ಯೆ ತಿಳಿದ ಯಾರೇ ಆದರೂ ಜಮೀನಿನ ಒಡೆತನ, ವಿಸ್ತೀರ್ಣ, ಋಣಭಾರ ಮುಂತಾದ ವಿವರಗಳನ್ನು ನೋಡಬಹುದು. ಕೊಳ್ಳುವವರು ಮೋಸಹೋಗದಿರಲು ಮತ್ತು ದಾಖಲೆ ತಿದ್ದುವುದಕ್ಕೆ ತಡೆ ಹಾಕಲು ಇದು ಅವಶ್ಯಕ.

ಆದರೆ ಬಹಿರಂಗವಾಗಿರಬೇಕಾದ ದಾಖಲೆಯ ಜೊತೆಗೆ ಬಹಿರಂಗವಾಗಬಾರದ ಮಾಹಿತಿ ಸೇರಿಕೊಂಡರೆ ಆಗುವ ಅನಾಹುತಕ್ಕೆ 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ಪ್ರಕರಣಗಳೇ ನಿದರ್ಶನ. ಆಸ್ತಿ ನೋಂದಣಿ ಪತ್ರಗಳ ಪ್ರತಿಗಳನ್ನು ಅಂತರ್ಜಾಲದಿಂದ ಪಡೆದುಕೊಂಡ ವಂಚಕರು, ಅವುಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ಬಳಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಆಸ್ತಿದಾರರ ಬ್ಯಾಂಕ್ ಖಾತೆಗಳಿಂದ ಹಣ ತೆಗೆದರು. ಈ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಸಾಕು. ಎ.ಟಿ.ಎಂ. ಕಾರ್ಡ್ ಬೇಡ, ಒ.ಟಿ.ಪಿ. ಸಹ ಬೇಡ. ಹಳ್ಳಿಯ ವೃದ್ಧರು ಊರಿನಲ್ಲಿಯೇ ಪಿಂಚಣಿ ಪಡೆಯಲೆಂದು ರೂಪಿಸಿದ ಅನುಕೂಲವು ವಂಚಕರಿಗೂ ದಾರಿಯಾಯಿತು. ಪೊಲೀಸರು ಆರೋಪಿಗಳನ್ನು ಬಂಧಿಸಿದರು. ನೋಂದಣಿ ಪತ್ರಗಳ ಪ್ರತಿಗಳಲ್ಲಿ ಬೆರಳಚ್ಚು ಹಾಗೂ ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡಲು ಸರ್ಕಾರ ಕ್ರಮ ಕೈಗೊಂಡಿತು.

ಈ ಪ್ರಕರಣಗಳಿಂದ ತಿಳಿಯಬೇಕಾದ ಅಂಶ ಒಂದಿದೆ. ಆಸ್ತಿಯ ಕ್ರಯ ಬಹಿರಂಗವಾಗಿದ್ದುದರಿಂದ ಯಾರಿಗೂ ನಷ್ಟವಾಗಲಿಲ್ಲ. ಕ್ರಯಕ್ಕೆಂದು ಪಡೆದ ಬೆರಳಚ್ಚು ಬೇರೊಂದು ಕಾರ್ಯಕ್ಕೆ ಸಿಗುವಂತಾದುದೇ ನಷ್ಟಕ್ಕೆ ಕಾರಣ. ಗುಪ್ತಪದ ಸೋರಿಹೋದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸಲು ಸಾಧ್ಯವಿಲ್ಲ.

3. ಖಾಸಗಿತನದ ಹಕ್ಕು

ಖಾಸಗಿತನವು ಮೂಲಭೂತ ಹಕ್ಕೆಂದು ದೇಶದಲ್ಲಿ ಸ್ಥಾಪಿತವಾದುದು ಕರ್ನಾಟಕದ ಹಿರಿಯರೊಬ್ಬರ ಅರ್ಜಿಯಿಂದ ಎಂಬುದು ಗಮನಾರ್ಹ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶ್ರೀ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ಸಂಸತ್ತಿನ ಕಾನೂನಿನ ಆಧಾರವಿಲ್ಲದೆ ಆಧಾರ್ ಯೋಜನೆಯನ್ನು ಜಾರಿಗೊಳಿಸಿದ್ದನ್ನು ಪ್ರಶ್ನಿಸಿದರು. ಆಗ ಅವರಿಗೆ 86 ವರ್ಷ. ಆಧಾರ್ ಅಧಿನಿಯಮವು 2016ರಲ್ಲಿ ಬಂದಿತು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೇ ಎಂಬ ಪ್ರಶ್ನೆಯನ್ನು 9 ನ್ಯಾಯಮೂರ್ತಿಗಳ ಪೀಠಕ್ಕೆ ವಹಿಸಲಾಯಿತು. 2017ರ ಆಗಸ್ಟ್ 24ರಂದು ಪೀಠವು ಸರ್ವಾನುಮತದಿಂದ ತೀರ್ಪು ನೀಡಿ, ಸಂವಿಧಾನದ 21ನೇ ಅನುಚ್ಛೇದದ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿ ಖಾಸಗಿತನವೂ ಅಡಕವಾಗಿದೆ ಎಂದು ಸಾರಿತು. ಇದಕ್ಕೆ ವಿರುದ್ಧವಾಗಿದ್ದ 1954 ಮತ್ತು 1962ರ ತೀರ್ಪುಗಳ ಅಭಿಪ್ರಾಯವನ್ನು ತಳ್ಳಿಹಾಕಿತು. ಶ್ರೀ ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಈ ಹಕ್ಕು ನಿರಪೇಕ್ಷವಲ್ಲ. ಸರ್ಕಾರವು ನಾಗರಿಕರ ಖಾಸಗಿ ವಿಷಯದಲ್ಲಿ ಪ್ರವೇಶಿಸಬಹುದು, ಆದರೆ ಅದಕ್ಕೆ ಷರತ್ತುಗಳಿವೆ. ಅದಕ್ಕೊಂದು ಕಾನೂನು ಇರಬೇಕು. ನ್ಯಾಯಸಮ್ಮತವಾದ ಉದ್ದೇಶವಿರಬೇಕು. ಕೈಗೊಂಡ ಕ್ರಮ ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು, ಅದಕ್ಕಿಂತ ಹೆಚ್ಚಾಗಬಾರದು.

ಈ ತತ್ತ್ವಗಳ ಹಿನ್ನೆಲೆಯಲ್ಲಿ 2018ರ ಸೆಪ್ಟೆಂಬರ್ 26ರಂದು 5 ನ್ಯಾಯಮೂರ್ತಿಗಳ ಪೀಠವು 4-1ರ ಬಹುಮತದಿಂದ ಆಧಾರ್ ಅಧಿನಿಯಮವನ್ನು ಎತ್ತಿಹಿಡಿಯಿತು. ಸಹಾಯಧನ, ಸರ್ಕಾರಿ ಸವಲತ್ತುಗಳು ಹಾಗೂ ಆದಾಯ ತೆರಿಗೆಯ ಪ್ಯಾನ್ ಜೋಡಣೆಗೆ ಆಧಾರ್ ಕೇಳಬಹುದೆಂದು ಹೇಳಿತು. ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಿಮ್‌ಗೆ ಆಧಾರ್ ಜೋಡಣೆಯನ್ನು ಕಡ್ಡಾಯಗೊಳಿಸುವಂತಿಲ್ಲ, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿತು. ಖಾಸಗಿ ಕಂಪನಿಗಳಿಗೆ ಒಪ್ಪಂದದ ಆಧಾರದ ಮೇಲೆ ಆಧಾರ್ ದೃಢೀಕರಣದ ಅವಕಾಶ ನೀಡಿದ್ದ ಭಾಗವನ್ನು ರದ್ದುಪಡಿಸಿತು. ಅನಂತರ 2019ರ ತಿದ್ದುಪಡಿ ಮತ್ತು 2025ರ ಜನವರಿಯ ನಿಯಮಗಳ ಮೂಲಕ, ಅನುಮೋದನೆ ಪಡೆದ ಸಂಸ್ಥೆಗಳು ವ್ಯಕ್ತಿಯ ಸ್ವಇಚ್ಛೆಯ ಮೇರೆಗೆ ಆಧಾರ್ ದೃಢೀಕರಣ ಬಳಸಲು ಅವಕಾಶ ಕಲ್ಪಿಸಲಾಗಿದೆ. ಇಲ್ಲಿ ‘ಸ್ವಇಚ್ಛೆ’ ಎಂಬ ಪದ ಮುಖ್ಯ.

4. ಸರ್ಕಾರದ ನಿಗಾ ಮತ್ತು ಅದರ ಮಿತಿ

ಸರ್ಕಾರವು ನಾಗರಿಕರ ದೂರವಾಣಿ ಮಾತುಕತೆಯನ್ನು ಕೇಳಬಹುದೇ ಎಂಬುದು ಸಾರ್ವಜನಿಕರು ಆಗಾಗ್ಗೆ ಕೇಳುವ ಪ್ರಶ್ನೆ. ಈ ವಿಷಯ ಕರ್ನಾಟಕಕ್ಕೆ ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಶ್ರೀ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದ್ದರು. 1996ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ದೂರವಾಣಿ ಸಂಭಾಷಣೆಯ ಪ್ರತಿಬಂಧಕ್ಕೆ ಕಾರ್ಯವಿಧಾನವನ್ನು ನಿಗದಿಪಡಿಸಿತು. ಈಗ ದೂರಸಂಪರ್ಕ ಅಧಿನಿಯಮ, 2023 ಮತ್ತು ಅದರಡಿ 2024ರಲ್ಲಿ ರಚಿಸಿದ ನಿಯಮಗಳು ಈ ವಿಷಯಕ್ಕೆ ಅನ್ವಯಿಸುತ್ತವೆ.

ಅದರಂತೆ ಸಾಮಾನ್ಯ ಸಂದರ್ಭದಲ್ಲಿ ಕೇಂದ್ರ ಗೃಹ ಕಾರ್ಯದರ್ಶಿಯವರು ಅಥವಾ ರಾಜ್ಯದ ಗೃಹ ಇಲಾಖೆಯ ಕಾರ್ಯದರ್ಶಿಯವರು ಮಾತ್ರ ಇಂತಹ ಆದೇಶ ನೀಡಬಹುದು. ತುರ್ತು ಸಂದರ್ಭಕ್ಕೆ ಪ್ರತ್ಯೇಕ ವಿಧಾನವಿದೆ. ಒಂದು ಆದೇಶದ ಅವಧಿ 60 ದಿನ. ವಿಸ್ತರಿಸಿದರೂ ಒಟ್ಟು 180 ದಿನಗಳನ್ನು ಮೀರುವಂತಿಲ್ಲ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿಯವರ ಅಧ್ಯಕ್ಷತೆಯ ಪುನರ್ವಿಮರ್ಶಾ ಸಮಿತಿ ಈ ಆದೇಶಗಳನ್ನು ಪರಿಶೀಲಿಸುತ್ತದೆ. ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿ, ಬ್ಯಾಂಕ್ ಅಥವಾ ಯಾವುದೇ ಸೇವಾ ಕೇಂದ್ರಕ್ಕೆ ಅರ್ಜಿದಾರರ ಮೊಬೈಲಿನ ಸಂದೇಶ ಅಥವಾ ಕರೆಗಳನ್ನು ನೋಡುವ ಯಾವ ಅಧಿಕಾರವೂ ಇಲ್ಲ.

ನಿಗಾ ಎಂದರೆ ಕದ್ದಾಲಿಕೆ ಮಾತ್ರವಲ್ಲ. ಮನೆಮನೆಯ ಸಮೀಕ್ಷೆ, ಸಿ.ಸಿ. ಕ್ಯಾಮೆರಾ, ಕಡ್ಡಾಯ ಆ್ಯಪ್ ಇವುಗಳಿಂದಲೂ ಅಪಾರ ಮಾಹಿತಿ ಒಂದೆಡೆ ಸೇರುತ್ತದೆ. ಜನಸಂದಣಿ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಅಳವಡಿಸಿ 30 ದಿನಗಳ ದೃಶ್ಯ ಇಟ್ಟುಕೊಳ್ಳುವುದನ್ನು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾನೂನು ವಿಧಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ರಾಜ್ಯದಾದ್ಯಂತ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಕೈಗೊಂಡಿತು. ವಿದ್ಯುತ್ ಮೀಟರ್ ಆಧರಿಸಿ ಮನೆಗಳನ್ನು ಗುರುತಿಸಿ, ಕುಟುಂಬದ ಜಾತಿ, ಆದಾಯ, ಆಸ್ತಿ, ಶಿಕ್ಷಣ ಮುಂತಾದ 60 ಪ್ರಶ್ನೆಗಳನ್ನು ಕೇಳಲಾಯಿತು. ಸೆಪ್ಟೆಂಬರ್ 25ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಸಮೀಕ್ಷೆಗೆ ತಡೆ ನೀಡಲು ನಿರಾಕರಿಸಿತು. ಆದರೆ ಮಾಹಿತಿ ನೀಡುವುದು ಕಡ್ಡಾಯವಲ್ಲ ಎಂಬುದನ್ನು ಜನರಿಗೆ ತಿಳಿಸಬೇಕು, ಸಂಗ್ರಹಿಸಿದ ಮಾಹಿತಿಯನ್ನು ಗೌಪ್ಯವಾಗಿ ಇಡಬೇಕು ಎಂದು ಮಧ್ಯಂತರ ಆದೇಶದಲ್ಲಿ ನಿರ್ದೇಶಿಸಿತು.

ಅದೇ ವರ್ಷದ ಕೊನೆಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಎಲ್ಲ ಹೊಸ ಮೊಬೈಲ್‌ಗಳಲ್ಲಿ ‘ಸಂಚಾರ್ ಸಾಥಿ’ ಆ್ಯಪ್ ಅನ್ನು ಮೊದಲೇ ಅಳವಡಿಸಿರಬೇಕೆಂದು ತಯಾರಕರಿಗೆ ಸೂಚಿಸಿತ್ತು. ಖಾಸಗಿತನದ ಬಗ್ಗೆ ಆಕ್ಷೇಪಗಳು ಬಂದ ನಂತರ 2025ರ ಡಿಸೆಂಬರ್ 3ರಂದು ಆ ಸೂಚನೆಯನ್ನು ಹಿಂಪಡೆಯಲಾಯಿತು. ಪ್ರಶ್ನಿಸುವುದಕ್ಕೆ ಅವಕಾಶವಿದೆ ಮತ್ತು ಪ್ರಶ್ನೆಗೆ ಫಲವೂ ಇದೆ ಎಂಬುದಕ್ಕೆ ಈ ಎರಡೂ ಸಂದರ್ಭಗಳು ಉದಾಹರಣೆ.

5. ಕಂಪನಿಗಳ ನಿಗಾ

ಸರ್ಕಾರದ ನಿಗಾಕ್ಕೆ ಆದೇಶ ಬೇಕು. ಕಂಪನಿಗಳ ನಿಗಾಕ್ಕೆ ಬಳಕೆದಾರರೇ ‘ಒಪ್ಪಿಗೆ’ ಗುಂಡಿ ಒತ್ತಿ ಅನುಮತಿ ಕೊಡುತ್ತಾರೆ. ಉಚಿತವೆಂದು ದೊರೆಯುವ ಅನೇಕ ಆ್ಯಪ್‌ಗಳು ಬಳಕೆದಾರರು ಇರುವ ಸ್ಥಳ, ಅವರು ನೋಡಿದ ಪುಟಗಳು, ಹುಡುಕಿದ ವಸ್ತುಗಳು, ಮೊಬೈಲಿನಲ್ಲಿರುವ ಹೆಸರುಗಳ ಪಟ್ಟಿ ಇವುಗಳನ್ನು ಸಂಗ್ರಹಿಸಿ ಜಾಹೀರಾತಿಗೆ ಬಳಸುತ್ತವೆ. ಟಾರ್ಚ್ ಬೆಳಗಿಸುವ ಆ್ಯಪ್‌ಗೆ ಸಂಪರ್ಕ ಪಟ್ಟಿಯ ಅಗತ್ಯವಿಲ್ಲ. ಅಗತ್ಯವಿಲ್ಲದ ಅನುಮತಿ ಕೇಳುವ ಆ್ಯಪ್ ಅನ್ನು ಸಂಶಯದಿಂದ ನೋಡುವುದು ಒಳಿತು.

ಸಾಲ ನೀಡುವ ಆ್ಯಪ್‌ಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಸಾಲಗಾರನ ಸಂಪರ್ಕ ಪಟ್ಟಿಯನ್ನು ಪಡೆದು, ನೆಂಟರಿಷ್ಟರಿಗೆ ಕರೆ ಮಾಡಿ ಅವಮಾನಿಸುವ ದೂರುಗಳು ದೇಶದೆಲ್ಲೆಡೆ ಬಂದವು. ಈ ಕಾರಣದಿಂದ ಭಾರತೀಯ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಸಾಲದ ಆ್ಯಪ್‌ಗಳು ಮೊಬೈಲಿನ ಕಡತಗಳು, ಸಂಪರ್ಕ ಪಟ್ಟಿ ಮತ್ತು ಕರೆಗಳ ವಿವರವನ್ನು ನೋಡುವಂತಿಲ್ಲವೆಂದು ವಿಧಿಸಿತು. ಗ್ರಾಹಕರ ಗುರುತು ಪರಿಶೀಲನೆಗೆ ಒಂದು ಬಾರಿ ಮಾತ್ರ, ಸ್ಪಷ್ಟ ಒಪ್ಪಿಗೆ ಪಡೆದು, ಕ್ಯಾಮೆರಾ ಅಥವಾ ಸ್ಥಳದ ಮಾಹಿತಿ ಬಳಸಬಹುದು. ಸಂಪರ್ಕ ಪಟ್ಟಿ ಕೇಳುವ ಸಾಲದ ಆ್ಯಪ್ ನಿಯಮಬಾಹಿರವೆಂದೇ ತಿಳಿಯತಕ್ಕದ್ದು.

ಬೇಲೂರು, ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇಲ್ಲಿಗೆ ಬರುವ ಪ್ರವಾಸಿಗರು ವಸತಿಗೃಹಗಳಲ್ಲಿ ಗುರುತಿನ ಚೀಟಿಯ ಪ್ರತಿ ನೀಡುವುದು ವಾಡಿಕೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು, ಹೋಟೆಲ್ ಮುಂತಾದ ಸಂಸ್ಥೆಗಳಿಗೆ ಆಧಾರ್ ಪ್ರತಿಯನ್ನು ಕೊಡಬಾರದೆಂದೂ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮರೆಮಾಡಿದ ಆಧಾರ್ ಬಳಸಬೇಕೆಂದೂ ಪ್ರಕಟಣೆ ನೀಡಿತ್ತು. ತಪ್ಪಾಗಿ ಅರ್ಥೈಸುವ ಸಾಧ್ಯತೆಯಿದೆಯೆಂಬ ಕಾರಣದಿಂದ 2 ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಪ್ರಕಟಣೆ ಹೋದರೂ ಮರೆಮಾಡಿದ ಆಧಾರ್‌ನ ಸೌಲಭ್ಯ ಉಳಿದಿದೆ. ಅದನ್ನು ಬಳಸಲು ಯಾವ ಅಡ್ಡಿಯೂ ಇಲ್ಲ.

6. ಅರ್ಜಿ ಸಲ್ಲಿಸುವಾಗ ಗಮನಿಸಬೇಕಾದ ಅಂಶಗಳು

ಅ) ತೋರಿಸುವುದು ಬೇರೆ, ಕೊಡುವುದು ಬೇರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಅರಸೀಕೆರೆಯಿಂದ ಹಳೇಬೀಡಿಗೆ ಬಸ್ಸಿನಲ್ಲಿ ಹೋಗುವ ಮಹಿಳೆ ನಿರ್ವಾಹಕರಿಗೆ ಗುರುತಿನ ಚೀಟಿ ತೋರಿಸಿ ಟಿಕೆಟ್ ಪಡೆಯುತ್ತಾರೆ. ಪ್ರತಿಯನ್ನು ಬಿಟ್ಟುಹೋಗುವುದಿಲ್ಲ. ಎಲ್ಲೆಲ್ಲಿ ತೋರಿಸಿದರೆ ಸಾಕೋ ಅಲ್ಲಲ್ಲಿ ಪ್ರತಿಯನ್ನು ಕೊಡುವ ಅಗತ್ಯವಿಲ್ಲ.

ಆ) ಪ್ರತಿ ಕೊಡಲೇಬೇಕಾದಲ್ಲಿ, ಅದರ ಮೇಲೆ ಯಾವ ಕಚೇರಿಗೆ, ಯಾವ ಸೇವೆಗೆ ಎಂಬುದನ್ನು ದಿನಾಂಕ ಸಹಿತ ಅಡ್ಡವಾಗಿ ಬರೆದು ಸಹಿ ಮಾಡುವುದು. ಹೀಗೆ ಮಾಡಿದರೆ ಆ ಪ್ರತಿಯನ್ನು ಬೇರೆ ಕಾರ್ಯಕ್ಕೆ ಬಳಸುವುದು ಕಷ್ಟವಾಗುತ್ತದೆ.

ಇ) ಅರ್ಜಿಯಲ್ಲಿ ತಮ್ಮ ಅಥವಾ ಮನೆಯವರ ಮೊಬೈಲ್ ಸಂಖ್ಯೆಯನ್ನೇ ನಮೂದಿಸುವುದು. ಅವಸರದಲ್ಲಿ ಅಂಗಡಿಯವರ ಸಂಖ್ಯೆ ಹಾಕಿಸಿದರೆ ಸಕಾಲ ಸಂದೇಶಗಳೂ ಒ.ಟಿ.ಪಿ.ಯೂ ಅವರಿಗೇ ಹೋಗುತ್ತವೆ. ಅರ್ಜಿದಾರರ ಖಾತೆಯ ಬೀಗದ ಕೈ ಅವರ ಬಳಿ ಉಳಿದಂತಾಗುತ್ತದೆ.

ಈ) ಸೈಬರ್ ಕೇಂದ್ರದಲ್ಲಿ ಅಥವಾ ಅಂಗಡಿಯವರ ವಾಟ್ಸ್ಆ್ಯಪ್ ಮೂಲಕ ಕಳುಹಿಸಿದ ದಾಖಲೆಗಳನ್ನು ಕೆಲಸ ಮುಗಿದ ಕೂಡಲೇ ಎದುರಿನಲ್ಲಿಯೇ ಅಳಿಸಿಹಾಕುವಂತೆ ಕೇಳುವುದು. ಅಂತರ್ಜಾಲದಿಂದ ಪಡೆದ ಇ-ಆಧಾರ್ ಕಡತದ ಗುಪ್ತಪದವು ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷದಿಂದ ಕೂಡಿರುತ್ತದೆ. ಆದುದರಿಂದ ಅರ್ಜಿದಾರರನ್ನು ಬಲ್ಲವರು ಅದನ್ನು ಸುಲಭವಾಗಿ ತೆರೆಯಬಹುದು.

ಉ) ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ನೈಜತೆಯನ್ನು ಅವುಗಳ ಮೇಲಿನ ಆರ್.ಡಿ. ಸಂಖ್ಯೆಯಿಂದಲೇ ಪರಿಶೀಲಿಸಬಹುದು. ಡಿಜಿಲಾಕರ್‌ನಲ್ಲಿ ವಿತರಿಸಲಾದ ದಾಖಲೆಗಳು ಮೂಲ ದಾಖಲೆಗಳಿಗೆ ಸಮಾನ. ಇವುಗಳ ಬಳಕೆಯಿಂದ ಕಾಗದದ ಪ್ರತಿಗಳು ಕಡಿಮೆಯಾಗುತ್ತವೆ.

ಊ) ಆಧಾರ್ ಜಾಲತಾಣ ಅಥವಾ ಆ್ಯಪ್ ಮೂಲಕ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಉಚಿತವಾಗಿ ಲಭ್ಯವಿದೆ. ಇದಕ್ಕೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ಒಪ್ಪಿತವಾಗುವುದಿಲ್ಲ. ಪಡಿತರ ಅಥವಾ ಪಿಂಚಣಿ ಪಡೆಯುವ ದಿನ ತಾತ್ಕಾಲಿಕವಾಗಿ ಬೀಗ ತೆರೆಯಬೇಕಾಗುತ್ತದೆ. ಹಿರಿಯರ ಪರವಾಗಿ ಬೀಗ ಹಾಕುವ ಮನೆಯವರು ಈ ಅಂಶವನ್ನು ಅವರಿಗೆ ತಪ್ಪದೆ ತಿಳಿಸುವುದು.

ಋ) ಆಧಾರ್ ಸಂಖ್ಯೆಯ ಬದಲಿಗೆ 16 ಅಂಕಿಗಳ ವರ್ಚುವಲ್ ಸಂಖ್ಯೆಯನ್ನು ಪಡೆದು ದೃಢೀಕರಣಕ್ಕೆ ಬಳಸಬಹುದು. ಆಧಾರ್ ಎಲ್ಲೆಲ್ಲಿ ದೃಢೀಕರಣಗೊಂಡಿದೆ ಎಂಬ ಇತಿಹಾಸವನ್ನೂ ಅದೇ ಜಾಲತಾಣದಲ್ಲಿ ನೋಡಬಹುದು. ಬ್ಯಾಂಕಿನ ಪಾಸ್ ಪುಸ್ತಕವನ್ನು ತಾಳೆ ನೋಡುವಂತೆ ಇದನ್ನೂ ಆಗಾಗ್ಗೆ ನೋಡುವುದು ಉತ್ತಮ ಅಭ್ಯಾಸ.

ಎ) ಗೃಹಲಕ್ಷ್ಮಿ ಮುಂತಾದ ಯೋಜನೆಗಳ ಹೆಸರಿನಲ್ಲಿ ಬರುವ ಅಪರಿಚಿತ ಲಿಂಕ್ ಅಥವಾ ಆ್ಯಪ್‌ಗಳಲ್ಲಿ ಮಾಹಿತಿ ತುಂಬಬಾರದು. ಅರ್ಜಿಗಳನ್ನು ಸೇವಾ ಸಿಂಧು, ನಾಡಕಚೇರಿ, ಗ್ರಾಮ ಒನ್ ಮುಂತಾದ ಅಧಿಕೃತ ಮಾರ್ಗದಲ್ಲಿಯೇ ಸಲ್ಲಿಸುವುದು.

7. 2023ರ ಮಾಹಿತಿ ಸಂರಕ್ಷಣಾ ಕಾನೂನು

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಯಿತು. ನಿಯಮಗಳು ಹಂತ ಹಂತವಾಗಿ ಜಾರಿಗೆ ಬರುತ್ತವೆ. ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಮೊದಲು ಜಾರಿಗೆ ಬಂದಿತು. ಮಾಹಿತಿ ಸಂಗ್ರಹಿಸುವ ಸಂಸ್ಥೆಗಳ ಮುಖ್ಯ ಕರ್ತವ್ಯಗಳಿಗೆ ಅಧಿಸೂಚನೆಯಲ್ಲಿ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಪೂರ್ಣವಾಗಿ ಜಾರಿಗೆ ಬಂದಾಗ ಈ ಕಾನೂನಿನಂತೆ ನಾಗರಿಕರಿಗೆ ದೊರೆಯುವ ಹಕ್ಕುಗಳು ಹೀಗಿವೆ: ಒಪ್ಪಿಗೆ ಕೇಳುವ ಮುನ್ನ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬ ಸೂಚನೆ ಪಡೆಯುವುದು, ಆ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ 8ನೇ ಅನುಸೂಚಿಯ ಭಾಷೆಯಲ್ಲಿ ಪಡೆಯುವುದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವುದು, ತಪ್ಪನ್ನು ತಿದ್ದಿಸುವುದು, ಅಗತ್ಯ ಮುಗಿದ ಮಾಹಿತಿಯನ್ನು ಅಳಿಸಿಹಾಕಿಸುವುದು. 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಮಾಹಿತಿ ಸೋರಿಕೆಯಾದಲ್ಲಿ ಬಾಧಿತರಿಗೂ ಮಂಡಳಿಗೂ ತಿಳಿಸಬೇಕು. ಸುರಕ್ಷತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ದೂರನ್ನು ಮೊದಲು ಸಂಬಂಧಪಟ್ಟ ಸಂಸ್ಥೆಗೆ ಸಲ್ಲಿಸಬೇಕು, ಪರಿಹಾರ ದೊರೆಯದಿದ್ದರೆ ಮಂಡಳಿಗೆ ಸಲ್ಲಿಸಬೇಕು.

ಕಾನೂನಿನ ಮಿತಿಗಳನ್ನೂ ನಾಗರಿಕರು ತಿಳಿದಿರಬೇಕು. ಸಹಾಯಧನ, ಪ್ರಮಾಣಪತ್ರ, ಪರವಾನಗಿ ಮುಂತಾದ ಸೇವೆಗಳಿಗಾಗಿ ಸರ್ಕಾರವು ಪ್ರತ್ಯೇಕ ಒಪ್ಪಿಗೆಯಿಲ್ಲದೆಯೂ ನಿಗದಿತ ಮಾನದಂಡಗಳಂತೆ ಮಾಹಿತಿ ಬಳಸಬಹುದು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಕೇಂದ್ರ ಸರ್ಕಾರವು ತನ್ನ ಕೆಲವು ಸಂಸ್ಥೆಗಳಿಗೆ ವಿನಾಯಿತಿ ನೀಡಬಹುದು. ಈ ವಿನಾಯಿತಿ ವಿಶಾಲವಾಯಿತೆಂಬ ಟೀಕೆಯೂ ಇದೆ. ಆದಾಗ್ಯೂ 2017ರ ತೀರ್ಪಿನ ಷರತ್ತುಗಳು ಎಲ್ಲ ಕಾನೂನುಗಳಿಗೂ ಅನ್ವಯಿಸುತ್ತವೆ. ಸುಳ್ಳು ವಿವರ ನೀಡದಿರುವುದು, ಸುಳ್ಳು ದೂರು ಕೊಡದಿರುವುದು ನಾಗರಿಕರ ಕರ್ತವ್ಯವೆಂದೂ ಅಧಿನಿಯಮ ಹೇಳುತ್ತದೆ.

8. ತೊಂದರೆಯಾದಲ್ಲಿ ಮಾಡಬೇಕಾದುದು

ಖಾತೆಯಿಂದ ತಿಳಿಯದಂತೆ ಹಣ ಹೋದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸುವುದು. ಅದೇ ದಿನ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದೆ ಬೇರೆಡೆಯ ಲೋಪದಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ದೊರೆತ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಯಾವ ಹೊಣೆಯೂ ಇರುವುದಿಲ್ಲ. ತಡವಾದಷ್ಟೂ ಹೊಣೆ ಹೆಚ್ಚುತ್ತದೆ. ಆದುದರಿಂದ ಊರಿನವರನ್ನು ವಿಚಾರಿಸುತ್ತಾ ದಿನ ಕಳೆಯಬಾರದು.

ಆಧಾರ್ ಸಂಬಂಧಿತ ದೂರುಗಳಿಗೆ 1947 ಸಂಖ್ಯೆಯನ್ನು ಸಂಪರ್ಕಿಸುವುದು. ತಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂಬುದನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿ, ತಮ್ಮದಲ್ಲದ ಸಂಖ್ಯೆಯ ಬಗ್ಗೆ ಅಲ್ಲಿಯೇ ತಿಳಿಸಬಹುದು. ತಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮ ಮತ್ತು ಅದರ ಕಡತದ ವಿವರವನ್ನು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೇಳಬಹುದು.

ಆಧಾರ್ ಇಲ್ಲವೆಂದು ಅಥವಾ ಬೆರಳಚ್ಚು ಹೊಂದಲಿಲ್ಲವೆಂದು ಅರ್ಹರನ್ನು ಬರಿಗೈಯಲ್ಲಿ ಕಳುಹಿಸುವಂತಿಲ್ಲ. ಕಾನೂನಿನಲ್ಲಿ ಪರ್ಯಾಯ ಗುರುತಿನ ವಿಧಾನಗಳಿಗೆ ಅವಕಾಶವಿದೆ. ಕೃಷಿಕೆಲಸದಿಂದ ಬೆರಳಗೆರೆ ಸವೆದ ಹಿರಿಯರು ಈ ಅಂಶವನ್ನು ಸಂಬಂಧಪಟ್ಟ ಅಧಿಕಾರಿಗಳ ಗಮನಕ್ಕೆ ತರತಕ್ಕದ್ದು. ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಮತ್ತು ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ.

9. ಮುಕ್ತಾಯ

ಸೇವೆ ಪಡೆಯಲು ಮಾಹಿತಿ ಕೊಡುವುದು ಅನಿವಾರ್ಯ. ಆದರೆ ಮಾಹಿತಿ ಕೊಟ್ಟ ಮಾತ್ರಕ್ಕೆ ಅದರ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತಾಗುವುದಿಲ್ಲ. ‘ಈ ವಿವರ ಏಕೆ ಬೇಕು? ಎಲ್ಲಿ ಇಡುತ್ತೀರಿ?’ ಎಂದು ಕೇಳುವುದು ಅವಿಧೇಯತೆಯಲ್ಲ. ಅದು ಲೆಕ್ಕ ಕೇಳಿದಂತೆ. ಕೇಳಿದವರಿಗೆ ಸಮಾಧಾನದಿಂದ ಉತ್ತರಿಸುವುದು ಕೌಂಟರಿನಲ್ಲಿ ಕುಳಿತ ಸಿಬ್ಬಂದಿಯ ಕರ್ತವ್ಯ. ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಮನೆಯ ಹಿರಿಯರಿಗೆ, ವಿಶೇಷವಾಗಿ ಹೆಬ್ಬೆಟ್ಟು ಒತ್ತಿ ಪಿಂಚಣಿ ಪಡೆಯುವವರಿಗೆ ಓದಿ ಹೇಳಬೇಕೆಂದು ಕೋರಲಾಗಿದೆ.